ಪೂಜೆಯಾದ ಸ್ಟೀರಿಂಗ್

ತೊಂಬತ್ತರ ದಶಕದ ಕೊನೆಗೆ ಹೊಳಲ್ಕೆರೆಯ ಗ್ಯಾರೇಜಿನಲ್ಲಿ ಚಿಕ್ಕಪ್ಪನ ಪಿಕಪ್‌ಗೆ ಹೊಸ ಸ್ಟೀರಿಂಗ್ ಶಾಫ್ಟ್ ಹಾಕಿಸಿದೆವು. ಓಡಿಸಿ ನೋಡುವ ಮೊದಲೇ ಚಿಕ್ಕಪ್ಪ ಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು, ಸ್ಟೀರಿಂಗಿಗೆ ಕುಂಕುಮ ಹಚ್ಚಿಬಿಟ್ಟರು. ರಸ್ತೆಗಿಳಿದರೆ ಗಾಡಿ ನೆಟ್ಟಗೆ ಹೋಗುತ್ತಿತ್ತು, ಸ್ಟೀರಿಂಗ್ ಮಾತ್ರ ಎಡಕ್ಕೆ ವಾಲಿಕೊಂಡಿತ್ತು.

"ಶಾಫ್ಟು ಸೊಟ್ಟ ಕುಂತೈತೆ, ಬಿಚ್ಚಿ ಸರಿ ಮಾಡ್ತೀನಿ ಬರ್ರಿ" ಎಂದ ಮೆಕ್ಯಾನಿಕ್.

"ಪೂಜೆ ಆದ್ಮೇಲೆ ಬಿಚ್ತಾರೇನಲೇ?" ಎಂದು ಚಿಕ್ಕಪ್ಪ ಅವನನ್ನೇ ಗದರಿದರು.

ನಿಜ, ದೇವರ ಸಾಕ್ಷಿಯಾಗಿ ಸೊಟ್ಟಗೆ ಕೂತದ್ದನ್ನು ನೆಟ್ಟಗೆ ಮಾಡಲು ನರಮನುಷ್ಯನಿಗೇನು ಹಕ್ಕು? ಚಿತ್ರದುರ್ಗ, ಹೊಸದುರ್ಗವನ್ನೆಲ್ಲ ಅವರು ವರ್ಷಗಟ್ಟಲೆ ಹಾಗೆಯೇ ಸುತ್ತಿದರು. ಆಮೇಲೆ ಹೊಸ ಗಾಡಿ ಕೊಂಡರು. ಮೊದಲ ದಿನವೇ ಬಿ.ದುರ್ಗದ ದಾರಿಯಲ್ಲಿ ಅದನ್ನು ಚರಂಡಿಗೆ ಇಳಿಸಿ, ಹೊರಬಂದು, ನನಗೆ ಹೇಳಿದರು:

"ಕಂಪನಿಯೋರಿಗೆ ಸ್ಟೀರಿಂಗ್ ಕೂರ್ಸಾಕೇ ಬರಲ್ಲ ಕಣಲೇ."