ಚಿಮಣಿಯ ಮೇಲಿನ ಬಾಣಂತಿ

ನನ್ನ ಗಂಡ ಗೆರಾರ್ಡನಿಗೆ ಇಬ್ಬರು ಹೆಂಡಿರು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಒಬ್ಬಳು ನಾನು, ಟ್ರೂಡಾ. ಇನ್ನೊಬ್ಬಳು ಹಂಕಾ, ಅವನ ಪಂದ್ಯದ ಪಾರಿವಾಳ. ಶಿಲೇಸಿಯಾ ಸೀಮೆಯ ನಮ್ಮ ಕಲ್ಲಿದ್ದಲ ಗಣಿಯವರ ಓಣಿಯಲ್ಲಿ ಪಾರಿವಾಳದ ಗೂಡಿಲ್ಲದ ಹಿತ್ತಲು ಎಲ್ಲಿದೆ? ಆದರೂ ಇವನದು ಅತಿಯೇ. ನನಗೆ ಜ್ವರ ಬಂದರೆ ಮಾತ್ರೆಯ ಕಡೆ ಬೆರಳು ತೋರಿಸುವವನು, ಹಂಕಾ ಸೀನಿದರೆ ಊಟ ಬಿಡುತ್ತಿದ್ದ.

ಅಂಥವನ ಕೈಯಲ್ಲೇ ವಿದ್ಯುತ್ ಸ್ಥಾವರದವರು ಡೇಗೆ ಹಕ್ಕಿಗೊಂದು ಗೂಡಿನ ಪೆಟ್ಟಿಗೆ ಮಾಡಿಸಿ, ತಮ್ಮ ಎತ್ತರದ ಹೊಗೆ ಚಿಮಣಿಯ ಮೇಲೆ ಕೂರಿಸಿದರು. ಅವನು ಅಲ್ಲಿನ ಬಡಗಿ. ಡೇಗೆಯೋ, ಪಾರಿವಾಳವನ್ನು ಹಾರುವಾಗಲೇ ಹೊಡೆದು ತಿನ್ನುವ ಹಕ್ಕಿ!

"ತಲೆಗಿಲೆ ಕೆಟ್ಟಿದೆಯಾ ನಿಂಗೆ?" ಅಂದೆ.

"ಅದಕ್ಕೂ ಒಂದು ಸೂರು ಬೇಡ್ವೇನೇ?" ಅಂದ.

ಪಾರಿವಾಳ ಸಾಕುವವನಲ್ಲವೇ, ಮೆತ್ತಗೆ ಹುಲ್ಲು ಹಾಸಿ ಬಂದ. ಡೇಗೆ ಅದನ್ನೆಲ್ಲ ಕೆದರಿ ಕೆಳಕ್ಕೆ ಚೆಲ್ಲಿತು. ಆಮೇಲೆ ಜಲ್ಲಿ ಸುರಿದ. ಅದರಲ್ಲೇ ಮೊಟ್ಟೆಯಿಟ್ಟಿತು.

ಮೇ ತಿಂಗಳ ಪಂದ್ಯಕ್ಕೆ ಹೋದ ಹಂಕಾ ಮರಳಲಿಲ್ಲ. ಗೆರಾರ್ಡ್ ಗೂಡಿನ ಬಾಗಿಲು ತೆರೆದಿಟ್ಟು, ಕಾಳಿನ ಡಬ್ಬಿ ಅಲ್ಲಾಡಿಸುತ್ತ ಹಿತ್ತಲಲ್ಲೇ ಕೂತುಬಿಟ್ಟ. ಪಕ್ಕದ ಮನೆಯ ಎವಾಲ್ಡ್ ಬೇಲಿಯಾಚೆಯಿಂದ ಚುಚ್ಚಿದ:

"ಕಳ್ಳಂಗೆ ನೀನೇ ಮನೆ ಕಟ್ಕೊಟ್ಯಲ್ಲೋ ಮಾರಾಯ! ಹೋಗಿ ಕಿತ್ತುಹಾಕು. ಇಲ್ಲಾಂದ್ರೆ ನಮ್ಮ ಪಾರಿವಾಳದ ಕ್ಲಬ್ಬಿನ ಕಡೆ ತಲೆ ಹಾಕ್ಬೇಡ."

ಮರುದಿನ ಗೆರಾರ್ಡ್ ಮೀಟುಗೋಲು ಹಿಡಿದು ಹೊರಟ.

"ಅಯ್ಯೋ, ಅದರ ಮರಿಗಳು?" ಅಂದೆ.

"ನನ್ನ ಹಂಕಾ?" ಅಂದ.

ಸಂಜೆ ಬಂದವನು ಪಂದ್ಯದ ಸಂಖ್ಯೆ ಕೆತ್ತಿದ ಹಂಕಾಳ ಕಾಲಿನ ಬಳೆಯನ್ನು ಊಟದ ಮೇಜಿನ ಮೇಲಿಟ್ಟ. ಪೆಟ್ಟಿಗೆಯಲ್ಲಿ, ಎಲುಬುಗಳ ನಡುವೆ ಸಿಕ್ಕಿತಂತೆ.

"ಕಿತ್ತೆಯಾ ಪೆಟ್ಟಿಗೇನ?"

"ಮೂರು ಮರಿ ಇವೆ ಕಣೇ. ಇನ್ನೂ ಬಿಳಿ ತುಪ್ಪಳ. ತಾಯಿ ಜಾಗ ಬಿಟ್ಟು ಕದಲ್ಲಿಲ್ಲ, ರೆಕ್ಕೆ ಹರಡ್ಕೊಂಡು ನನ್ನೇ ಹೆದರಿಸ್ತಾ ನಿಂತ್ಲು." ಮೇಜಿನ ಮೇಲಿನ ಬಳೆಯನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿದ, "ಮಗಳು ಹುಟ್ಟಿದಾಗ ನಿಂಗೆ ಏನು ಕುಡಿಸಿದ್ದೆ, ನೆನಪಿದೆಯಾ?"

ಮರೆಯುವುದುಂಟೇ? ಪಾರಿವಾಳದ ಸಾರು. ನಮ್ಮಲ್ಲಿ ಬಾಣಂತಿಗೆ ಕೊಡುವುದೇ ಅದು. ತನ್ನ ಗೂಡಿನದೊಂದನ್ನು ತಾನೇ ಕೊಯ್ದು, ಒಲೆಯ ಮುಂದೆ ಅಳುತ್ತ ಕುದಿಸಿದ್ದ. ನಾನು ಮಗುವನ್ನು ಮಗ್ಗುಲಲ್ಲಿಟ್ಟುಕೊಂಡು ನಕ್ಕಿದ್ದೆ.

"ಬಾಣಂತಿ ತಿಂದ್ಲು ಅಂದ್ಕೊಂಡೆ, ಹಾಗೇ ಬಿಟ್ಟು ಬಂದೆ," ಅಂದ.

ಈ ಸಲ ನನಗೆ ನಗು ಬರಲಿಲ್ಲ. ಅವನು ಎದ್ದು ಹಿತ್ತಲಿಗೆ ಹೋಗಿ, ಹಂಕಾಳಿಗಾಗಿ ತೆರೆದೇ ಇಟ್ಟಿದ್ದ ಗೂಡಿನ ಬಾಗಿಲನ್ನು ಮುಚ್ಚಿದ. ಚಿಲಕ ಹಾಕಲು ಅವನ ಕೈ ಬರಲಿಲ್ಲ. ನಾನು ಹೋಗಿ ಹಾಕಿದೆ.