ಹಿಂಡಿ ಅಂಗಡಿ ಕಾಕಾ ಮತ್ತು ನಾಯಿಗಳ ಪಂಕ್ತಿ

ನರೇಗಲ್ಲಿನ ಹಿಂಡಿ ಅಂಗಡಿ ಕಾಕಾ ಕುಳಿತಲ್ಲಿಂದ ಎದ್ದರೆ ಅವರ ಎರಡೂ ಮೊಣಕಾಲು ಲಟಲಟ ಸಪ್ಪಳ ಮಾಡುತ್ತಿದ್ದವು. ಎದುರಿನ ಕಟ್ಟೆಯಲ್ಲಿ ಚಹಾ ಕುಡಿಯುವವರು ತಿರುಗಿ ನೋಡುತ್ತಿದ್ದರು. ಅಂಥವರು ದನದ ಹಿಂಡಿಯ ಜೊತೆಗೆ ನಾಯಿಗಳ ಕೀಲುನೋವಿನ ಗುಳಿಗೆ ಮಾರುತ್ತಿದ್ದರು! ನೀವೇ ಒಂದು ನುಂಗಬಾರದೇ ಎಂದರೆ, ಡಬ್ಬಿಯ ಮೇಲಿರುವುದು ನಾಯಿಯ ಚಿತ್ರ, ತಮ್ಮದಲ್ಲವಲ್ಲ ಎನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಎರಡು ನಾಯಿ. ಒಂದು ಮುಧೋಳದ ಉದ್ದಕಾಲಿನ ಮುದುಕ, ಪಕ್ಕೆಲುಬು ಎಣಿಸಬಹುದಾದಷ್ಟು ಬಡಕಲು. ಇನ್ನೊಂದು ಬಿಳಿ ಪೊಮೇರಿಯನ್, ಅವ್ವನ ಜೀವ. ಮುದುಕ ಕುಂಟುತ್ತಿದ್ದ. ದನದ ದವಾಖಾನೆಯ ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದರು, ಕಾಕಾ ಕೊಟ್ಟರು. ಎರಡು ತಿಂಗಳಾದರೂ ಕುಂಟುವುದು ನಿಲ್ಲಲಿಲ್ಲ. ಅಷ್ಟರಲ್ಲಿ ಪೊಮೇರಿಯನ್ನಿಗೂ ಹಿಂಗಾಲು ಹಿಡಿದುಕೊಂಡವು. ದಿನಾ ಬೆಳಿಗ್ಗೆ ಅವ್ವನ ಜೊತೆ ಗುಡಿಗೆ ಹೋಗುತ್ತಿದ್ದದ್ದು ಹೊಸ್ತಿಲಲ್ಲೇ ಕುಳಿತು ಕುಂಯ್‌ಗುಡತೊಡಗಿತು. ಅದು ಬಾರದೆ ಅವ್ವನೂ ಹೋಗುವುದನ್ನು ಬಿಟ್ಟಳು. ಅಪ್ಪ ಹೋದ ಮೇಲೆ ಅವಳು ಮನೆಯಿಂದ ಹೊರಬೀಳುತ್ತಿದ್ದದ್ದು ಅದೊಂದಕ್ಕೇ. ನನಗೆ ಹೆದರಿಕೆಯಾಯಿತು.

ಗುಳಿಗೆ ಖೊಟ್ಟಿ ಎಂದು ಜಗಳಕ್ಕೇ ಹೋದೆ. ಕಾಕಾ ಎರಡೂ ನಾಯಿಯನ್ನು ತರಿಸಿದರು. ಚೀಲ ತೂಗುವ ಕಾಟಾದ ಮೇಲೆ ಮೊದಲು ನನ್ನೊಬ್ಬನನ್ನು, ಆಮೇಲೆ ಒಂದೊಂದು ನಾಯಿಯನ್ನು ಎತ್ತಿಕೊಂಡ ನನ್ನನ್ನು ನಿಲ್ಲಿಸಿದರು. ಕಳೆಯುವ ಲೆಕ್ಕಕ್ಕೆಂದು ನನ್ನ ತೂಕವನ್ನು ಗಟ್ಟಿಯಾಗಿ ಕೂಗಿದರು. ಅಂದು ಸಂತೆ, ಊರಿಗೆಲ್ಲ ಕೇಳಿಸಿತು. ಮರುದಿನ ನಾನು ಪಾಠ ಹೇಳುವ ಶಾಲೆಯ ಹೆಡ್‌ಮಾಸ್ತರರು ನಾನು ಕೂರುವ ಮೊದಲು ಕುರ್ಚಿಯನ್ನು ಅಲುಗಾಡಿಸಿ ನೋಡಿದರು.

ಪೊಮೇರಿಯನ್ ಇರಬೇಕಾದದ್ದಕ್ಕಿಂತ ಎರಡು ಪಟ್ಟು ತೂಗಿತು. ಕಾಕಾ ಕೇಳಿದ್ದು ಒಂದೇ ಮಾತು: "ಮನಿಯಾಗ ಬಡಸವ್ರು ಯಾರ್ರಿ, ಮಾಸ್ತರ?"

ಬಡಿಸುವವಳು ಅವ್ವ. ಪಂಕ್ತಿಭೇದ ಮಾಡುವುದು ಮಹಾಪಾಪ ಎಂದು ನಂಬಿದವಳು. ಎರಡಕ್ಕೂ ಎರಡೆರಡು ರೊಟ್ಟಿ, ಸಮ ಸಮ ಹಾಲು. ಮುದುಕನ ಗುಳಿಗೆಯನ್ನೂ ಅಡಕತ್ತಿನಿಂದ ಅರ್ಧ ಮಾಡಿ ಇಬ್ಬರಿಗೂ ಹಂಚುತ್ತಿದ್ದಳು ಎನ್ನುವುದು ಅಂದೇ ಗೊತ್ತಾದದ್ದು.

ಸಂಜೆ ಕಾಕಾ ಮನೆಗೇ ಬಂದರು. ಬಂದವರನ್ನು ಅವ್ವ ಬಿಡುವುದುಂಟೇ, ನನ್ನ ಪಕ್ಕದಲ್ಲೇ ಊಟಕ್ಕೆ ಕೂರಿಸಿದಳು. ನನ್ನ ತಾಟಿಗೆ ಮೂರನೆಯ ರೊಟ್ಟಿ ಬಿತ್ತು. ಅವರು ಒಂದಕ್ಕೇ ಕೈ ಅಡ್ಡ ಹಿಡಿದರು. ಅವ್ವ ಎರಡು ಸಲ ಒತ್ತಾಯ ಮಾಡಿ ಸುಮ್ಮನಾದಳು.

"ಅಕ್ಕಾರ, ಮಾಸ್ತರ್‌ಗೆ ಮೂರ ಹಾಕೀರಿ, ನನಗ ಒಂದ. ಇದು ಪಂಕ್ತಿಭೇದ ಆತೇನ್ರಿ?"

"ಅದ್ಹ್ಯಾಂಗ ಆಕ್ಕೈತ್ರಿ? ಅವರವರ ಹೊಟ್ಟಿ ನೋಡಿ ಬಡಸೂದಲ್ರಿ," ಎಂದ ಅವ್ವ ನಾಯಿಗಳ ಕಡೆ ನೋಡಿದಳು.

ಪೊಮೇರಿಯನ್ನಿಗೂ ಒಂದು ಡಬ್ಬಿ ಕೊಡಿ ಎಂದು ನಾನು ಬೇಡಿಕೊಂಡರೂ ಕಾಕಾ ಕೊಡಲಿಲ್ಲ. ಅದಕ್ಕೆ ಬೇಕಾದದ್ದು ಗುಳಿಗೆಯಲ್ಲ, ಅರ್ಧ ರೊಟ್ಟಿ ಎಂದರು. ಮುದುಕನಿಗೆ ಪೂರಾ ಗುಳಿಗೆ, ಹೊಟ್ಟೆ ತುಂಬ ಊಟ. ಅವ್ವ ಸಣ್ಣದಕ್ಕೆ ಅರ್ಧ ರೊಟ್ಟಿ ಹಾಕಿ ಮುಖ ತಿರುಗಿಸಿ ನಿಲ್ಲುತ್ತಿದ್ದಳು, ಅದರ ಕಣ್ಣು ನೋಡಲಾಗದೆ. ಮುದುಕನ ಕುಂಟು ಪೂರ್ತಿ ಹೋಗಲಿಲ್ಲ, ಆದರೆ ತಾನೇ ಎದ್ದು ಅಂಗಳಕ್ಕೆ ಹೋಗುವಂತಾದ. ನಾಲ್ಕು ತಿಂಗಳಿಗೆ ಪೊಮೇರಿಯನ್ ಹೊಸ್ತಿಲು ದಾಟಿತು. ಅದರ ಹಿಂದೆ ಅವ್ವನೂ.

ಹೋದ ವರ್ಷ ಕಾಕಾ ತೀರಿಕೊಂಡರು. ನಾನು ಮಣ್ಣು ಮುಗಿಸಿ ಬಂದಾಗ ಅವ್ವ ಒಲೆ ಹಚ್ಚಿರಲಿಲ್ಲ. ಅವಳು ಹಾಗೆ ಉಪವಾಸ ಕೂತದ್ದನ್ನು ಅಪ್ಪ ಹೋದ ದಿನ ಬಿಟ್ಟರೆ ನಾನು ಕಂಡಿಲ್ಲ. ಕತ್ತಲಾಗುವ ಹೊತ್ತಿಗೆ ಎದ್ದು, ನಿನ್ನೆಯ ರೊಟ್ಟಿ ತಂದು, ಮುದುಕನಿಗೆ ಮೂರು ಹಾಕಿದಳು, ಸಣ್ಣದಕ್ಕೆ ಅರ್ಧ. ಈ ಸಲ ಮುಖ ತಿರುಗಿಸಲಿಲ್ಲ.