ಅಂಚಿಗೆ ಕೂತ ತಂತಿ

ತಂತಿ ನಡುವೆ ಇರಲಿಲ್ಲ. ಬೆಳಗಿನಿಂದ ಇದೊಂದೇ ಮಾತು ತಲೆ ಕೊರೆಯುತ್ತಿದೆ. ಮಗುವಿನ ಫೋಟೋಗಳಿಗೆ ಜಾಗ ಮಾಡೋಣವೆಂದು ಫೋನಿನಲ್ಲಿ ಹಳೆಯದನ್ನೆಲ್ಲ ಅಳಿಸುತ್ತಿದ್ದೆ. ಹೆರಿಗೆ ರಜೆಗೆ ಹೊರಟ ದಿನ ಲ್ಯಾಬಿನ ಗೆಳತಿಯರು ತೆಗೆದ ಫೋಟೋ ಸಿಕ್ಕಿತು. ನನ್ನ ಹಿಂದೆ, ಮೇಜಿನ ಮೇಲೆ, ನಮ್ಮ ಕಂಪನಿಯ ಚಿಪ್. ದೊಡ್ಡದು ಮಾಡಿ ನೋಡಿದೆ. ಶಾಖ ಅಳೆಯುವ ಕೂದಲೆಳೆಯಂಥ ತಂತಿ ಚಿಪ್‌ನ ನಡುವೆ ಅಲ್ಲ, ಅಂಚಿನಲ್ಲಿ ಅಂಟಿಕೊಂಡಿದೆ. ಅಂಟಿಸಿದವಳು ನಾನು. ಆ ಅಳತೆಯ ವರದಿಗೆ ಸಹಿ ಹಾಕಿದವರು ಮಾಮ.

ಮಾಮ ಎಂದರೆ ಅಮ್ಮನ ತಮ್ಮ. ಹತ್ತನೇ ತರಗತಿಗೇ ಶಾಲೆ ಬಿಟ್ಟು ಟಿವಿ ರಿಪೇರಿ ಅಂಗಡಿಯಲ್ಲಿ ಸ್ಕ್ರೂ ತಿರುವುತ್ತಿದ್ದವರು, ಇಪ್ಪತ್ತೆರಡು ವರ್ಷದಿಂದ ಈ ಕಂಪನಿಯ ಓವನ್ ರೂಮಿನಲ್ಲಿದ್ದಾರೆ. ಕಿಟಕಿಯಿಲ್ಲದ ಕೋಣೆ. ಗೋಡೆಗುಂಟ ಚಿಪ್‌ಗಳ ಕಾವು ಪರೀಕ್ಷಿಸುವ ಬೀರುವಿನಂಥ ಓವನ್‌ಗಳು, ಒಳಗೆ ದಿನವಿಡೀ ಗೇಮ್ ಓಡಿಸಿಕೊಂಡು ಬೇಯುವ ಚಿಪ್‌ಗಳು. ಎಲ್ಲರ ಬಾಯಲ್ಲೂ ಅವರು ‘ಜ್ವರದ ಡಾಕ್ಟ್ರು’. ದೊಡ್ಡ ದೊಡ್ಡ ಡಿಗ್ರಿಯ ಎಂಜಿನಿಯರುಗಳೂ "ಡಾಕ್ಟ್ರೇ, ನಮ್ಮ ಕೂಸಿಗೆ ಹೇಗಿದೆ?" ಎಂದೇ ಒಳಗೆ ಬರುವುದು. ನಾನು ಕೆಲಸಕ್ಕೆ ಸೇರಿದ ದಿನ ಮಾಮ ಹೇಳಿದ್ದರು: "ಮಗು ಮೈ ಬಿಸಿಯಾದ್ರೆ ಅಳುತ್ತೆ ಪುಟ್ಟಿ. ಇದು ಮೂಕಪ್ರಾಣಿ, ನಾವೇ ಮುಟ್ಟಿ ನೋಡ್ಬೇಕು."

ಅವರ ಕಟ್ಟುನಿಟ್ಟು ಒಂದೇ. ತಂತಿ ಕೂರಿಸುವವರು ಒಬ್ಬರು, ಭೂತಗನ್ನಡಿಯಲ್ಲಿ ನೋಡಿ ಸಹಿ ಹಾಕುವವರು ಇನ್ನೊಬ್ಬರು. "ದೇವರೇ ಬಂದು ಕೂರಿಸಿದ್ರೂ ನೋಡ್ದೆ ಸಹಿ ಹಾಕಲ್ಲ" ಎನ್ನುತ್ತಿದ್ದರು. ಆ ದಿನ ನನ್ನ ಎಂಟು ತಿಂಗಳ ಹೊಟ್ಟೆ ಮೇಜಿಗೆ ಒತ್ತುತ್ತಿತ್ತು. ಬಗ್ಗಲಾಗದೆ ಕೈ ಚಾಚಿ ಅಂದಾಜಿನ ಮೇಲೆ ಕೂರಿಸಿದ್ದೆ. ಇನ್ನೂ ಎಷ್ಟು ಹೊತ್ತು ನಿಂತಿರುತ್ತಾಳೋ ಎಂದು ಅವರಿಗೆ ಮರುಕ. "ನೀನ್ ಕೂರ್ಸಿದ್ದು ತಾನೇ? ಹೋಗು, ಕಾಲು ಚಾಚಿ ಕೂತ್ಕೋ" ಎಂದು ಸಹಿ ಹಾಕಿಬಿಟ್ಟರು.

ಅದೇನು ಸಣ್ಣ ವರದಿಯೇ? ಟಿವಿಗೆ ಸಿಕ್ಕಿಸಿ ಆಡುವ ಹೊಸ ಗೇಮ್ ಪೆಟ್ಟಿಗೆಗೆ ಚಿಪ್ ಕೊಡಲು ನಮಗೂ ಎದುರಾಳಿ ಕಂಪನಿಗೂ ಜಿದ್ದಾಜಿದ್ದಿ. ಪೆಟ್ಟಿಗೆ ಒಮ್ಮೆ ಅಂಗಡಿಗೆ ಬಂತೆಂದರೆ ಆರೇಳು ವರ್ಷ ಅದೇ ಚಿಪ್. ಗೆದ್ದವರಿಗೆ ಅಷ್ಟೂ ವರ್ಷ ಕೆಲಸ. ಹಿಂದಿನ ಸಲ ಎದುರಾಳಿಗಳೇ ಗೆದ್ದರು. ಮಾಮನ ಆರು ಓವನ್‌ಗಳಲ್ಲಿ ನಾಲ್ಕು ತಣ್ಣಗಾದವು, ಜೊತೆಗಿದ್ದ ಹಲವರು ಕೆಲಸ ಕಳೆದುಕೊಂಡರು. ನಾಳೆ ಹತ್ತು ಗಂಟೆಗೆ ಗೇಮ್ ಕಂಪನಿಯವರ ಮುಂದೆ ಮಾಮ ಆ ವರದಿ ಇಡಬೇಕು. ಮಿತಿ ತೊಂಬತ್ತೈದು ಡಿಗ್ರಿ, ನನ್ನ ತಂತಿ ತೋರಿಸಿದ್ದು ತೊಂಬತ್ತೊಂದು. ಆದರೆ ಅಂಚಿಗಿಂತ ನಡುಭಾಗ ಐದಾರು ಡಿಗ್ರಿ ಹೆಚ್ಚೇ ಕಾಯುತ್ತದೆ. ಹೇಳಿದರೆ ಕೆಲಸ ಎದುರಾಳಿಗೆ ಹೋದೀತು. ಹೇಳದಿದ್ದರೆ ಯಾರದೋ ಮನೆಯ ಟಿವಿ ಕೆಳಗೆ ಪೆಟ್ಟಿಗೆ ಕಾದು ಕೆಟ್ಟೀತು. ಆಗ ಎಲ್ಲರೂ ಹುಡುಕುವುದು ಮಾಮನ ಸಹಿಯನ್ನೇ.

ಆಫೀಸಿಗೆ ಹೊರಟಿದ್ದ ಗಂಡ, "ಫೋಟೋ ಓರೆಯಾಗಿದೆ, ಅದಕ್ಕೆ ಹಾಗ್ ಕಾಣುತ್ತೆ. ಇಲ್ಲದ ಹುಳ ಬಿಟ್ಕೋಬೇಡ" ಎಂದು ಚಪ್ಪಲಿ ಮೆಟ್ಟಿದರು. ಅಮ್ಮನದು ಬೇರೆಯೇ ರಾಗ: "ಹಾಲು ಕುಡಿಸೋವಾಗ್ಲಾದ್ರೂ ಫೋನ್ ಕೆಳಗಿಡೇ. ಮಗು ಮುಖಕ್ಕಿಂತ ಅದ್ರ ಮುಖಾನೇ ಜಾಸ್ತಿ ನೋಡ್ತೀಯ."

"ಅಮ್ಮಾ, ಮಾಮ ನನ್ ಮೇಲೆ ಬೇಜಾರು ಮಾಡ್ಕೊಂಡ್ರೆ?"

"ಅವನಾ? ಅವನ ಹೊಸ ಬೈಕ್ ನೀನು ಚರಂಡಿಗಿಳಿಸ್ದಾಗ್ಲೇ ಮಾಡ್ಕೊಳ್ಲಿಲ್ಲ. ಈಗೇನ್ ಮಾಡಿಟ್ಟಿದ್ದೀಯೇ?"

ಮೂರು ಸಲ ಮಾಮನ ನಂಬರ್ ಒತ್ತಿದೆ, ಮೂರು ಸಲವೂ ರಿಂಗಾಗುವ ಮೊದಲೇ ಕಟ್ ಮಾಡಿದೆ. ಗಡಿಯಾರ ಎರಡು ತೋರಿಸಿತು. ಹೊಸದಾಗಿ ಅಳೆಯಲು ಹದಿನೆಂಟು ಗಂಟೆ ಬೇಕು. ಈಗ ಹೇಳಿದರೆ ಬೆಳಗ್ಗೆ ಎಂಟಕ್ಕೆ ನಿಜವಾದ ಅಂಕಿ ಸಿಗುತ್ತದೆ. ಸಂಜೆ ಹೇಳಿದರೆ ಅದೂ ಇಲ್ಲ. ಮಗುವನ್ನು ಅಮ್ಮನ ತೊಡೆಗೆ ಹಾಕಿ ಬಾಲ್ಕನಿಗೆ ನಡೆದೆ.

"ಏನ್ ಪುಟ್ಟಿ, ಮಗು ಹುಷಾರಾ?" ಮಾಮನ ಹಿಂದೆ ಓವನ್‌ಗಳ ಗುಂಯ್ ಸದ್ದು.

"ಹುಷಾರು ಮಾಮ. ಆ ತಂತಿ… ನಾನು ನಡುವೆ ಕೂರ್ಸಿರ್ಲಿಲ್ಲ. ಫೋಟೋದಲ್ಲಿ ಕಾಣ್ತಿದೆ."

ಅತ್ತ ವರದಿಯ ಹಾಳೆ ಮಗುಚುವ ಸದ್ದು ಕೇಳಿತು.

"ಎಷ್ಟು ಸರ್ದಿದೆ?"

"ಹೆಸರುಕಾಳಷ್ಟು."

"ನಾನ್ ನೋಡ್ಲಿಲ್ಲ," ಎಂದರು. ನನಗಲ್ಲ, ತಮಗೇ. ಆಮೇಲೆ ಯಾರಿಗೋ ಕೂಗಿದರು: "ಎರಡನೇ ಓವನ್ ಖಾಲಿ ಮಾಡ್ರಪ್ಪಾ, ಮೊದ್ಲಿಂದ ಅಳೀಬೇಕು!" ಮತ್ತೆ ನನಗೆ, ಮೆಲ್ಲಗೆ: "ಮ್ಯಾನೇಜರ್‌ಗೆ ನಾನ್ ಹೇಳ್ಕೋತೀನಿ. ಸಹಿ ನಂದು. ನೀನ್ ಮಗು ನೋಡ್ಕೋ."

"ಬೇಡ ಮಾಮ. ಫೋನ್ ಅವರಿಗೇ ಕೊಡಿ. ನಾನೇ ಹೇಳ್ತೀನಿ."